ತಂಡ ಯಾರದ್ದು, ದುಡ್ಡು ಎಲ್ಲಿಯದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಟದ ತಂಡಗಳಿಗೆ ಸ್ಪಾನ್ಸರ್ ಹುಡುಕಿಕೊಡುವುದು ನನ್ನ ಕೆಲಸ. ಹದಿನಾರು ವರ್ಷವಾಯಿತು. ಮನೆ ಡೊಂಬಿವಲಿಯಲ್ಲಿ. ಕುರ್ಲಾದಲ್ಲಿ ಮದುವೆ ಇರಲಿ, ಮಾತುಂಗದಲ್ಲಿ ಸಂಘದ ಕಾರ್ಯಕ್ರಮ ಇರಲಿ, ಊಟದ ಪಂಕ್ತಿಯಲ್ಲೇ ಯಾರಾದರೂ ಶುರು ಮಾಡುತ್ತಾರೆ. ಉಳಿದವರು ವಾಟ್ಸ್ಆ್ಯಪ್‌ನಲ್ಲಿ ಕೇಳುತ್ತಾರೆ. ಪುಣೆಯಿಂದ ಒಬ್ಬರು, ವಾಸ್ಕೋದಿಂದ ಒಬ್ಬರು ಕಾಗದವನ್ನೇ ಬರೆದಿದ್ದರು. ಕೇಳಿದವರ ಮಾತು ಹೇಗಿತ್ತೋ ಹಾಗೇ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಹನ್ನೊಂದು ಜನ ಆಡ್ತಾರೆ, ಸರಿ. ಅಷ್ಟು ಕೋಟಿ ಎಲ್ಲಿಂದ ಬರುತ್ತೆ ಮಾರಾಯ್ರೆ?

ಟಿವಿ ಮತ್ತು ಮೊಬೈಲ್‌ನಿಂದ. ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು. ಈ ಹಣ ಮೊದಲು ಕ್ರಿಕೆಟ್ ಮಂಡಳಿಗೆ ಸೇರುತ್ತದೆ. ಅಲ್ಲಿಂದ ಒಂದು ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಟೈಟಲ್ ಸ್ಪಾನ್ಸರ್, ಅಂದರೆ ಲೀಗ್‌ನ ಹೆಸರಿನ ಜೊತೆ ತನ್ನ ಹೆಸರು ಹಾಕಿಸಿಕೊಳ್ಳುವ ಕಂಪನಿ, ಕೊಡುವ ಹಣಕ್ಕೂ ಇದೇ ದಾರಿ. ಟಾಟಾ ಸಮೂಹ 2024ರಿಂದ 2028ರವರೆಗೆ 2,500 ಕೋಟಿಗೆ ಒಪ್ಪಿಕೊಂಡಿದೆ. ಇದರ ಮೇಲೆ ತಂಡದ ಸ್ವಂತ ಗಳಿಕೆ: ಜೆರ್ಸಿ ಮೇಲಿನ ಹೆಸರುಗಳು, ಟಿಕೆಟ್, ಟೋಪಿ, ಟೀಶರ್ಟ್.

ಟಿಕೆಟ್ ಲೆಕ್ಕ ನೀವೇ ಮಾಡಿ ನೋಡಿ. ವಾಂಖೆಡೆಯಲ್ಲಿ ಸುಮಾರು 33,000 ಸೀಟು. ಲೀಗ್ ಹಂತದಲ್ಲಿ ತವರಿನ ಪಂದ್ಯ ಏಳು. ಒಂದು ಸೀಟೂ ಖಾಲಿ ಉಳಿಯಲಿಲ್ಲ, ಸರಾಸರಿ ಟಿಕೆಟ್ ಎರಡು ಸಾವಿರ ಅಂತ ಇಟ್ಟುಕೊಳ್ಳಿ. ಆಗಲೂ ಬರುವುದು ಸುಮಾರು 46 ಕೋಟಿ ಅಷ್ಟೇ. ಪ್ರಸಾರದ ಹಣ ವರ್ಷಕ್ಕೆ 9,600 ಕೋಟಿಗಿಂತ ಜಾಸ್ತಿ. ಮಂಡಳಿಯ ಪಾಲು ತೆಗೆದು ಹತ್ತು ತಂಡಕ್ಕೆ ಹಂಚಿದರೂ ಟಿಕೆಟ್ ಹಣ ಅದರ ಮುಂದೆ ಸಣ್ಣದು. ಬಿಸಿಲಲ್ಲಿ ಸಾಲು ನಿಂತು ಒಳಗೆ ಬಂದವನನ್ನು ಎಷ್ಟೋ ಮಾಲೀಕರು ಮರೆಯುವುದು ಇದೇ ಕಾರಣಕ್ಕೆ. ಅವನಿಂದ ಅವರ ಮನೆ ನಡೆಯುವುದಿಲ್ಲ.

ಬ್ರಾಂಡ್ ಅಂದ್ರೆ ಲೋಗೋ, ಜೆರ್ಸಿ ತಾನೇ? ಅದಕ್ಕೆ ಇಷ್ಟು ಮಾತ್ಯಾಕೆ?

ಲೋಗೋ ಒಂದು ವಾರದಲ್ಲಿ ಬರೆಸಬಹುದು. ನಾನು ನೋಡುವುದು ಬೇರೆ. ಪಂದ್ಯ ಸೋತ ಮರುದಿನ ಬೆಳಿಗ್ಗೆ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಆ ಜೆರ್ಸಿ ಹಾಕಿಕೊಂಡು ಯಾರಾದರೂ ಹತ್ತುತ್ತಾರಾ? ಹತ್ತಿದರೆ ಆ ತಂಡಕ್ಕೆ ಬ್ರಾಂಡ್ ಇದೆ.

ಒಂದು ತಮಾಷೆ ಹೇಳುತ್ತೇನೆ. ಮುಂಬೈ ಇಂಡಿಯನ್ಸ್ ತನ್ನ ಅಭಿಮಾನಿಗಳನ್ನು ‘ಪಲ್ಟನ್’ ಅಂತ ಕರೆಯುತ್ತದೆ. ಪುಣೆಯ ಕಬಡ್ಡಿ ತಂಡದ ಹೆಸರೇ ‘ಪುಣೇರಿ ಪಲ್ಟನ್’. ಎರಡು ಊರು, ಎರಡು ಆಟ, ಒಂದೇ ಪದ. ಮರಾಠಿಯಲ್ಲಿ ಆ ಪದಕ್ಕೆ ಒಂದು ಗತ್ತಿದೆ. ‘ನಮ್ಮ ಹುಡುಗರ ದಂಡು’ ಅನ್ನುವ ಸಲಿಗೆಯೂ ಇದೆ. ಹಾಗಾಗಿ ಇಬ್ಬರೂ ಬಿಟ್ಟುಕೊಡುವುದಿಲ್ಲ.

ನಾನು ಹುಟ್ಟಿದ್ದು ಘಾಟ್‌ಕೋಪರ್, ಮಗ ಹುಟ್ಟಿದ್ದು ಮುಲುಂಡ್. ಅವನು ಆರ್‌ಸಿಬಿ ಸೋತ್ರೆ ಅಳ್ತಾನೆ. ಕಪ್ ಗೆಲ್ಲದ ಟೀಮ್‌ಗೆ ಇಷ್ಟು ಪ್ರೀತಿ ಹೇಗೆ?

2008ರಲ್ಲಿ ತಂಡಗಳ ಹರಾಜು ನಡೆದಾಗ ಮುಂಬಯಿಯದು 11.19 ಕೋಟಿ ಡಾಲರ್, ಬೆಂಗಳೂರಿನದು 11.16 ಕೋಟಿ ಡಾಲರ್. ಬೆಲೆ ಹೆಚ್ಚುಕಡಿಮೆ ಒಂದೇ. ಆಮೇಲೆ ಮುಂಬಯಿ 2013ರಿಂದ 2020ರೊಳಗೆ ಐದು ಕಪ್ ಎತ್ತಿತು. ಬೆಂಗಳೂರಿಗೆ ಹದಿನೇಳು ಸೀಸನ್ ಒಂದೂ ಇಲ್ಲ.

ಆರ್‌ಸಿಬಿಯ ಹೆಸರು ಬಂದದ್ದು ಒಂದು ವಿಸ್ಕಿಯ ಹೆಸರಿನಿಂದ. ಟಿವಿಯಲ್ಲಿ ಮದ್ಯದ ಜಾಹೀರಾತು ಹಾಕುವಂತಿಲ್ಲ, ತಂಡದ ಹೆಸರು ಹೇಳುವುದನ್ನು ಯಾರೂ ತಡೆಯುವಂತಿಲ್ಲ. ಜಾಣ ಲೆಕ್ಕ. ಆದರೆ ಅಭಿಮಾನಿಗಳು ಬಾಟಲಿಯನ್ನು ಮರೆತರು, ತಂಡವನ್ನು ಇಟ್ಟುಕೊಂಡರು. ‘ಈ ಸಲ ಕಪ್ ನಮ್ದೆ’ ಅನ್ನುವುದು ಮೊದಲು ನಂಬಿಕೆಯಾಗಿತ್ತು. ಆಮೇಲೆ ಬೇರೆಯವರ ಬಾಯಲ್ಲಿ ಗೇಲಿಯಾಯಿತು. ಕೊನೆಗೆ ನಮ್ಮವರೇ ನಗುತ್ತಾ ಹೇಳತೊಡಗಿದರು. ಒಟ್ಟಿಗೆ ಕಾದವರ ನಡುವೆ ಒಂದು ನಂಟು ಬೆಳೆಯುತ್ತದೆ. ಕೊಹ್ಲಿ 2008ರಿಂದ ಬೇರೆ ತಂಡಕ್ಕೆ ಹೋಗಲೇ ಇಲ್ಲ. ಅದೂ ದೊಡ್ಡದು. ನಿಮ್ಮ ಮಗನ ವಿಷಯದಲ್ಲಿ ಇನ್ನೊಂದಿದೆ. ಮುಂಬಯಿಯಲ್ಲಿ ಬೆಳೆದ ಎಷ್ಟೋ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ. ಆ ನಾಲ್ಕು ಪದ ಮಾತ್ರ ಬರುತ್ತದೆ. ಶಾಲೆಯಲ್ಲಿ ‘ನಾನು ಕನ್ನಡದವನು’ ಅಂತ ಹೇಳಲು ಅವರಿಗೆ ಸಿಕ್ಕ ದಾರಿ ಅದು.

2024ರಲ್ಲಿ ತಂಡದ ಹೆಸರಿನಲ್ಲಿದ್ದ ‘ಬ್ಯಾಂಗಲೋರ್’ ‘ಬೆಂಗಳೂರು’ ಆಯಿತು, ಅದೇ ವರ್ಷ ಮಹಿಳಾ ತಂಡ ಗೆದ್ದಿತು. 2025ರ ಜೂನ್ 3ರಂದು ಗಂಡಸರೂ ಗೆದ್ದರು. ಮರುದಿನ ಚಿನ್ನಸ್ವಾಮಿಯ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ತೀರಿಕೊಂಡರು. ನಮ್ಮ ಕಸುಬಿನವರು ಸ್ಪಾನ್ಸರ್‌ಗೆ ತೋರಿಸುವ ಕಾಗದದಲ್ಲಿ ‘ಜನಸಾಗರ’ ಅಂತ ಹೆಮ್ಮೆಯಿಂದ ಬರೆಯುತ್ತೇವೆ. ಆ ದಿನದಿಂದ ನಾನು ಆ ಪದ ಬಳಸುತ್ತಿಲ್ಲ.

ನಮ್ಮ ಕಾಲದಲ್ಲಿ ಕಬಡ್ಡಿ ಅಂದ್ರೆ ಮಣ್ಣು, ಮೊಣಕಾಲು ಗಾಯ. ಅದು ಟಿವಿಯಲ್ಲಿ ಹೇಗೆ ಓಡ್ತು?

ಆಟವನ್ನು ಟಿವಿಗೆ ತಕ್ಕಂತೆ ಹೊಲಿದರು. ಪ್ರೊ ಕಬಡ್ಡಿ 2014ರಲ್ಲಿ ಎಂಟು ತಂಡಗಳೊಂದಿಗೆ ಶುರುವಾಯಿತು. ಹಿಂದೆ ಇದ್ದವರು ಆನಂದ್ ಮಹೀಂದ್ರಾ ಮತ್ತು ಚಾರು ಶರ್ಮಾ. ಮಣ್ಣಿನ ಬದಲು ಮ್ಯಾಟ್, ಒಂದು ರೈಡ್‌ಗೆ 30 ಸೆಕೆಂಡ್, ಎರಡು ರೈಡ್ ಖಾಲಿ ಹೋದರೆ ಮೂರನೆಯದರಲ್ಲಿ ಅಂಕ ತರಲೇಬೇಕು ಅನ್ನುವ ನಿಯಮ. ನೋಡುವವನು ಚಾನೆಲ್ ಬದಲಿಸಲು ರಿಮೋಟ್ ಹುಡುಕುವಷ್ಟರಲ್ಲಿ ಏನೋ ಒಂದು ಆಗಿರುತ್ತದೆ. ನಲವತ್ತು ನಿಮಿಷದ ಆಟ, ನಡುವೆ ಬಿಡುವು. ಊಟದ ಹೊತ್ತಿಗೆ ಸರಿಯಾಗಿ ಕೂರುತ್ತದೆ. ಆಟಕ್ಕೆ ಬೇಕಾದ ಅಭಿಮಾನಿಗಳು ಹಳ್ಳಿಗಳಲ್ಲಿ ಮೊದಲೇ ಇದ್ದರು. ಅವರನ್ನು ಯಾರೂ ಎಣಿಸಿರಲಿಲ್ಲ, ಅಷ್ಟೇ.

2019ರ ಜನವರಿಯಲ್ಲಿ ಬೆಂಗಳೂರು ಬುಲ್ಸ್ ಮೊದಲ ಸಲ ಗೆದ್ದದ್ದು ನಮ್ಮ ವರಳಿಯಲ್ಲೇ. ಪವನ್ ಸೆಹ್ರಾವತ್ ಒಬ್ಬನೇ 22 ಅಂಕ ತಂದ. ಆ ರಾತ್ರಿ ಒಳಗೆ ಕೇಳಿದ ಕನ್ನಡ ಮತ್ತು ತುಳು ಇನ್ನೂ ಕಿವಿಯಲ್ಲಿದೆ.

## ಊರು ಮತ್ತು ತಂಡ

ಪುಣೆಗೆ ಏನ್ ಶಾಪ ಸಾರ್? ಯಾವ ಟೀಮ್ ಬಂದ್ರೂ ನಿಲ್ಲಲ್ಲ

ಶಾಪ ಏನಿಲ್ಲ. ಒಂದೊಂದಾಗಿ ನೋಡೋಣ.

2010ರಲ್ಲಿ ಸಹಾರಾ ಸಮೂಹ ಪುಣೆ ತಂಡವನ್ನು 37 ಕೋಟಿ ಡಾಲರ್‌ಗೆ ಕೊಂಡಿತು. ಎರಡು ವರ್ಷದ ಹಿಂದೆ ಮುಂಬಯಿ ಹೋಗಿದ್ದ ಬೆಲೆಗೆ ಮೂರು ಪಟ್ಟಿಗಿಂತ ಜಾಸ್ತಿ. 2011ರಲ್ಲಿ ಪುಣೆ ವಾರಿಯರ್ಸ್ ಕಣಕ್ಕಿಳಿಯಿತು, ಆದರೆ ಗಹುಂಜೆಯ ಸ್ಟೇಡಿಯಂ ತಯಾರಿರಲಿಲ್ಲ. ತವರಿನ ಪಂದ್ಯಗಳನ್ನು ಆಡಿದ್ದು ನವಿ ಮುಂಬಯಿಯಲ್ಲಿ! ಹೊಸ ಸೊಸೆಯನ್ನು ಪಕ್ಕದ ಮನೆಯಲ್ಲಿ ಹೊಸ್ತಿಲು ದಾಟಿಸಿದ ಹಾಗಾಯಿತು. ಗಹುಂಜೆ ತಯಾರಾದ ಮೇಲೂ ಅದು ಎಕ್ಸ್‌ಪ್ರೆಸ್‌ವೇ ಪಕ್ಕ, ಊರಿನ ಹೊರಗೆ. ಪೇಟೆಯಿಂದ ಹೋಗಿ ರಾತ್ರಿ ವಾಪಸ್ ಬರುವುದು ಒಂದು ಪ್ರಯಾಣವೇ. ಫ್ರಾಂಚೈಸಿ ಶುಲ್ಕದ ಜಗಳ ಬೆಳೆದು 2013ರಲ್ಲಿ ತಂಡವೇ ಹೋಯಿತು.

2016ರಲ್ಲಿ ರೈಸಿಂಗ್ ಪುಣೆ ಸೂಪರ್‌ಜೈಂಟ್ಸ್ ಬಂತು. ಚೆನ್ನೈ ಮತ್ತು ರಾಜಸ್ಥಾನ ಎರಡು ವರ್ಷ ಹೊರಗಿದ್ದವು. ಆ ಜಾಗ ತುಂಬಲು ಬಂದ ತಂಡ ಇದು. ಹುಟ್ಟುವಾಗಲೇ ಸಾಯುವ ದಿನ ಗೊತ್ತಿತ್ತು. ಮೊದಲ ವರ್ಷ ಬರಗಾಲ. ಏಪ್ರಿಲ್ ಆದ ಮೇಲೆ ಮಹಾರಾಷ್ಟ್ರದಲ್ಲಿ ಪಂದ್ಯ ಬೇಡ ಅಂತ ಬಾಂಬೆ ಹೈಕೋರ್ಟ್ ಹೇಳಿತು. ತಂಡ ವಿಶಾಖಪಟ್ಟಣಕ್ಕೆ ಹೋಯಿತು. ಎರಡನೇ ವರ್ಷ ಧೋನಿಯನ್ನು ಇಳಿಸಿ ಸ್ಮಿತ್‌ನನ್ನು ಕ್ಯಾಪ್ಟನ್ ಮಾಡಿದರು, 14.5 ಕೋಟಿಗೆ ಬೆನ್ ಸ್ಟೋಕ್ಸ್ ಬಂದ, ಹೆಸರಿನ ಕೊನೆಯ ಅಕ್ಷರವೊಂದನ್ನು ಕಿತ್ತು ‘ಸೂಪರ್‌ಜೈಂಟ್’ ಮಾಡಿದರು. ಫೈನಲ್‌ನಲ್ಲಿ ಮುಂಬಯಿಯ ಎದುರು ಒಂದೇ ಒಂದು ರನ್‌ನಿಂದ ಸೋತರು. ಊರಿಗೆ ಆಗ ತಾನೇ ತಂಡ ಇಷ್ಟವಾಗತೊಡಗಿತ್ತು. ಅಷ್ಟರಲ್ಲಿ ಅಂಗಡಿ ಮುಚ್ಚಿತು.

ಫುಟ್‌ಬಾಲ್‌ನಲ್ಲೂ ಇದೇ ಕತೆ. ಎಫ್‌ಸಿ ಪುಣೆ ಸಿಟಿ 2014ರಿಂದ ಬಾಲೆವಾಡಿಯಲ್ಲಿ ಆಡಿತು. ಕಿತ್ತಳೆ ಬಣ್ಣ ಹೊದ್ದು ಪ್ರತಿ ಪಂದ್ಯಕ್ಕೂ ಬರುವ ಗುಂಪು ಕಟ್ಟಿಕೊಂಡಿತ್ತು. 2019ರಲ್ಲಿ ಅದರ ಜಾಗ ಹೈದರಾಬಾದ್ ಪಾಲಾಯಿತು. ಆ ಹುಡುಗರ ಡ್ರಮ್‌ಗಳು ಏನಾದವೋ.

ಈಗ ಪುಣೇರಿ ಪಲ್ಟನ್ ನೋಡಿ. 2014ರಿಂದ ಅದೇ ಹೆಸರು. ಮೊದಲ ಕಪ್ ಬಂದದ್ದು 2024ರ ಮಾರ್ಚ್‌ನಲ್ಲಿ, ಹತ್ತನೇ ಸೀಸನ್‌ಗೆ. ಹತ್ತು ಸೀಸನ್ ಕಾಯಲು ಬಿಟ್ಟರು, ಅದೇ ವ್ಯತ್ಯಾಸ. ಹೆಸರು ಮರಾಠಿ, ಆಟ ಮರಾಠಿ ಮಣ್ಣಿನದು. ಪುಣೆಯವರು ಗರ್ವದ ಜನ, ಹೊರಗಿನಿಂದ ಬಂದದ್ದನ್ನು ಒಂದಿಷ್ಟು ಕಾಲ ಅಳೆದು ನೋಡುತ್ತಾರೆ. ಅಳೆದು ಮುಗಿಸುವಷ್ಟು ಸಮಯ ಬೇರೆ ಯಾವ ತಂಡವೂ ಕೊಡಲಿಲ್ಲ.

ವಾಸ್ಕೋದಲ್ಲಿ ಮೂವತ್ತು ವರ್ಷದಿಂದ ಇದ್ದೀನಿ. ಡೆಂಪೊ, ಸಾಲ್ಗಾಂವ್ಕರ್ ಅಂದ್ರೆ ಜನ ಪ್ರಾಣ ಬಿಡ್ತಿದ್ರು. ಈಗ ಎಲ್ರೂ ಎಫ್‌ಸಿ ಗೋವಾ ಅಂತಾರೆ. ಹಳೇ ಕ್ಲಬ್‌ಗಳು ಎಲ್ಲಿ ತಪ್ಪಿದ್ವು?

ತಪ್ಪು ಅನ್ನುವುದಕ್ಕೆ ನನಗೆ ಮನಸ್ಸಿಲ್ಲ. ಡೆಂಪೊ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದ ಕ್ಲಬ್. ಸಾಲ್ಗಾಂವ್ಕರ್, ಚರ್ಚಿಲ್ ಬ್ರದರ್ಸ್ ಎರಡೆರಡು ಸಲ. ಒಂದು ಪುಟ್ಟ ರಾಜ್ಯಕ್ಕೆ ಇದೇನು ಕಡಿಮೆಯಾ? ಆದರೆ ಡೆಂಪೊ, ಸಾಲ್ಗಾಂವ್ಕರ್ ಗಣಿ ಮನೆತನಗಳ ಕ್ಲಬ್‌ಗಳು. ಮನೆತನದ ಪ್ರೀತಿಯಿಂದ, ಮನೆತನದ ಜೇಬಿನಿಂದ ನಡೆದವು. ಸ್ವಂತ ಗಳಿಕೆ ಬೇಕು ಅಂತ ಅವುಗಳಿಗೆ ಯಾವತ್ತೂ ಅನ್ನಿಸಿರಲಿಲ್ಲ. 2012ರಲ್ಲಿ ಗೋವಾದ ಗಣಿಗಾರಿಕೆ ನಿಂತಿತು. 2014ರಲ್ಲಿ ಐಎಸ್‌ಎಲ್ ಅನ್ನುವ ಹೊಸ ಫುಟ್‌ಬಾಲ್ ಲೀಗ್ ಬಂತು. ಅದರಲ್ಲಿ ಆಡಿ ಗೆದ್ದು ಮೇಲೆ ಬರುವ ದಾರಿ ಇರಲಿಲ್ಲ, ಶುಲ್ಕ ಕಟ್ಟಿದವರಿಗೆ ಜಾಗ. ಐಎಸ್‌ಎಲ್ಲೇ ಮೇಲಿನ ಲೀಗ್ ಆಗುತ್ತದೆ ಅನ್ನುವಾಗ ಡೆಂಪೊ, ಸಾಲ್ಗಾಂವ್ಕರ್, ಸ್ಪೋರ್ಟಿಂಗ್ ಮೂರೂ 2016ರಲ್ಲಿ ಪ್ರತಿಭಟಿಸಿ ಹಳೆಯ ರಾಷ್ಟ್ರೀಯ ಲೀಗ್ ಆದ ಐ-ಲೀಗ್‌ನಿಂದ ಹೊರಬಂದವು.

ಎಫ್‌ಸಿ ಗೋವಾ ಆ ಖಾಲಿ ಜಾಗಕ್ಕೆ ಸರಿಯಾಗಿ ಬಂತು. ಮನೆತನದ ಹೆಸರಿನ ಬದಲು ರಾಜ್ಯದ ಹೆಸರು, ಲಾಂಛನಕ್ಕೆ ಗೋವಾದ ರಾಜ್ಯಪ್ರಾಣಿ ಕಾಟಿ, ಆಡುವುದು ಫಾತೋರ್ಡಾ ಸ್ಟೇಡಿಯಂನಲ್ಲಿ. ಡೆಂಪೊದವನೂ ಸಾಲ್ಗಾಂವ್ಕರ್‌ನವನೂ ಒಂದೇ ಸ್ಟ್ಯಾಂಡ್‌ನಲ್ಲಿ ಕೂರಬಹುದಾಯಿತು. 2021ರಲ್ಲಿ ಏಷ್ಯಾ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತ ಆಡಿದ ಮೊದಲ ಭಾರತೀಯ ಕ್ಲಬ್ ಅದು. 2025ರ ಅಕ್ಟೋಬರ್‌ನಲ್ಲಿ ಸೌದಿಯ ಅಲ್ ನಸ್ರ್ ಫಾತೋರ್ಡಾಕ್ಕೆ ಬಂದಾಗ ರೊನಾಲ್ಡೊ ಬರಲೇ ಇಲ್ಲ. ಅವನಿಗಾಗಿ ಟಿಕೆಟ್ ಕೊಂಡವರು ಬೇಸರಪಟ್ಟರು. ಗೋವಾದವರು ಬ್ರೈಸನ್ ಫರ್ನಾಂಡಿಸ್ ಹೊಡೆದ ಗೋಲ್ ನೋಡಿ ಕುಣಿದರು. ಪಂದ್ಯ 1-2 ಸೋತರು, ಅದು ಬೇರೆ ಮಾತು.

ಸಿನಿಮಾ ಸ್ಟಾರ್ ಮಾಲೀಕ ಇದ್ರೆ ಸಾಕಲ್ವಾ? ಜನ ತಾನಾಗೇ ಬರ್ತಾರೆ

ಮೊದಲ ಸೀಸನ್‌ಗೆ ಬರುತ್ತಾರೆ. ಎಫ್‌ಸಿ ಪುಣೆ ಸಿಟಿಯಲ್ಲಿ ಹೃತಿಕ್ ರೋಷನ್ ಪಾಲುದಾರರಾಗಿದ್ದರು, ತಂಡ ಉಳಿಯಲಿಲ್ಲ. ಕೋಲ್ಕತ್ತದಲ್ಲಿ ಶಾರುಖ್ ಖಾನ್ ವಿಷಯ ಬೇರೆ. ಅವರು ಸೋಲುವ ವರ್ಷಗಳಲ್ಲೂ ಬಂದು ಕೂತರು.

ರೋಹಿತ್‌ನ ತೆಗೆದಾಗ ಅಷ್ಟು ಗಲಾಟೆ ಯಾಕೆ? ಮಾಲೀಕರ ಟೀಮ್, ಅವ್ರಿಷ್ಟ

ಕಾಗದದ ಮೇಲೆ ಹೌದು. ರೋಹಿತ್ ಶರ್ಮಾ ಬೋರಿವಲಿಯ ಹುಡುಗ, ಐದು ಕಪ್ ತಂದುಕೊಟ್ಟ ಕ್ಯಾಪ್ಟನ್. 2023ರ ಡಿಸೆಂಬರ್‌ನಲ್ಲಿ ಆ ಜಾಗಕ್ಕೆ ಹಾರ್ದಿಕ್ ಪಾಂಡ್ಯ ಬಂದ. ಆಟದ ಲೆಕ್ಕದಲ್ಲಿ ನಿರ್ಧಾರ ಅಷ್ಟೇನೂ ತಪ್ಪಾಗಿರಲಿಲ್ಲ. ಹೇಳಿದ ರೀತಿ ತಪ್ಪಿತ್ತು ಅಂತ ನನ್ನ ಅಭಿಪ್ರಾಯ. ಮನೆಯ ಹಿರಿಯರನ್ನು ಕೇಳದೆ ಪಾಲು ಮಾಡಿದ ಹಾಗಿತ್ತು. 2024ರಲ್ಲಿ ವಾಂಖೆಡೆಯ ಜನ ತಮ್ಮದೇ ಕ್ಯಾಪ್ಟನ್‌ನ ವಿರುದ್ಧ ಕೂಗಿದರು. ತಂಡ ಕೊನೆಯ ಸ್ಥಾನಕ್ಕೆ ಬಿತ್ತು. ಜುಲೈ 4ರಂದು ವಿಶ್ವಕಪ್ ಗೆದ್ದ ತಂಡ ಮರೀನ್ ಡ್ರೈವ್‌ನಲ್ಲಿ ಬಂದಾಗ ಅದೇ ವಾಂಖೆಡೆ ಅದೇ ಹಾರ್ದಿಕ್‌ಗೆ ಜೈಕಾರ ಹಾಕಿತು. ಜನರ ಸಿಟ್ಟು ಅವನ ಮೇಲಿರಲಿಲ್ಲ ಅಂತ ಆಗ ಗೊತ್ತಾಯಿತು.

ಈ ಊರಿಗೆ ಇದು ಹೊಸದೂ ಅಲ್ಲ. ಬ್ರೇಬೋರ್ನ್ ಸ್ಟೇಡಿಯಂ ಇದ್ದೂ ಅರ್ಧ ಮೈಲು ಆಚೆ ವಾಂಖೆಡೆ ಯಾಕೆ ಎದ್ದಿತು? ಬ್ರೇಬೋರ್ನ್ ನಡೆಸುವ ಕ್ಲಬ್‌ಗೂ ಮುಂಬಯಿ ಕ್ರಿಕೆಟ್ ಸಂಸ್ಥೆಗೂ ಟಿಕೆಟ್ ಹಂಚಿಕೆಯಲ್ಲಿ ಜಗಳ. ಸೀಟಿನ ಜಗಳಕ್ಕೆ ಸ್ಟೇಡಿಯಂ ಕಟ್ಟಿದ ಊರು ಇದು.

## ಸ್ಪಾನ್ಸರ್ ಮತ್ತು ಕೆಲಸ

ಜೆರ್ಸಿ ಮೇಲೆ ಹೆಸರು ಹಾಕಿಸಿದ್ರೆ ಕಂಪನಿಗೆ ನಿಜವಾಗ್ಲೂ ಲಾಭ ಇದ್ಯಾ?

ಹೆಸರು ಹಾಕಿಸಿ ಸುಮ್ನೆ ಕೂತರೆ ಇಲ್ಲ. ಹೆಸರು ಹಾಕಿಸುವ ಹಕ್ಕಿಗಾಗಿ ಒಂದು ರೂಪಾಯಿ ಕೊಟ್ಟರೆ, ಅದನ್ನು ಜನರಿಗೆ ಮುಟ್ಟಿಸಲು ಹೆಚ್ಚುಕಡಿಮೆ ಇನ್ನೊಂದು ರೂಪಾಯಿ ಬೇಕು: ಜಾಹೀರಾತು, ಅಂಗಡಿಯಲ್ಲಿ ಸ್ಪರ್ಧೆ, ಆಟಗಾರರ ಜೊತೆ ಭೇಟಿ. ಎರಡನೇ ರೂಪಾಯಿ ಇಲ್ಲದವರಿಗೆ ನಾನು ಮೊದಲನೆಯದನ್ನೂ ಖರ್ಚು ಮಾಡಬೇಡಿ ಅನ್ನುತ್ತೇನೆ. ಹಾಗಾಗಿ ನನ್ನ ಕಮಿಷನ್ ಎಷ್ಟೋ ಸಲ ಹೋಗಿದೆ.

ತಂಡದ ಕಡೆಯಿಂದ ನೋಡಿದರೆ ಅಪಾಯ ಬೇರೆ. ಭಾರತ ತಂಡದ ಜೆರ್ಸಿಯ ಇತಿಹಾಸ ನೋಡಿ. 2017ರಲ್ಲಿ ಒಪ್ಪೊ 1,079 ಕೋಟಿಗೆ ಬಂತು, ಅವಧಿ ಮುಗಿಯುವ ಮೊದಲೇ ಹೋಯಿತು. ಬೈಜೂಸ್ ಬಂತು, ಹೋಯಿತು. 2023ರಲ್ಲಿ ಡ್ರೀಮ್11 ಬಂತು, 358 ಕೋಟಿ. 2025ರ ಆಗಸ್ಟ್‌ನಲ್ಲಿ ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ಕಾನೂನು ನಿಲ್ಲಿಸಿತು, ಅದೂ ಹೋಯಿತು. ಆಮೇಲೆ ಅಪೊಲೊ ಟೈರ್ಸ್ 579 ಕೋಟಿಗೆ ಬಂತು. ಟೈರ್ ಮಾರುವವರು ಬಂದಾಗ ನನಗೆ ಸಮಾಧಾನವಾಯಿತು. ಗಾಡಿ ಇರುವವರೆಗೆ ಟೈರ್ ಬೇಕು.

ಸಂಘದ ಕಬಡ್ಡಿ ಟೂರ್ನಮೆಂಟ್‌ಗೆ ಪ್ರತಿ ವರ್ಷ ಅದೇ ನಾಲ್ಕು ಹೋಟೆಲ್‌ನವರ ಹತ್ರ ಕೈ ಚಾಚ್ತೀವಿ. ಬೇರೆ ದಾರಿ ಇಲ್ವಾ?

ಆ ನಾಲ್ವರು ಕೊಡುವುದು ದೇಣಿಗೆ. ಊರಿನ ನಂಟಿಗೆ ಕೊಡುತ್ತಾರೆ. ಅದನ್ನು ಹಾಗೇ ಇರಲು ಬಿಡಿ, ಸ್ಪಾನ್ಸರ್ ಅಂತ ಕರೆಯಬೇಡಿ. ಸ್ಪಾನ್ಸರ್ ಅಂದರೆ ಕೊಟ್ಟದ್ದಕ್ಕೆ ಏನಾದರೂ ಸಿಗಬೇಕು ಅನ್ನುವವನು. ಅವನು ಕೇಳುವ ಮೊದಲ ಪ್ರಶ್ನೆ: ಯಾರು ಬರುತ್ತಾರೆ, ಎಷ್ಟು ಜನ? ‘ತುಂಬಾ ಜನ’ ಅಂದರೆ ಆಗುವುದಿಲ್ಲ. ಈ ವರ್ಷ ಗೇಟಿನಲ್ಲಿ ಇಬ್ಬರು ಹುಡುಗರನ್ನು ನಿಲ್ಲಿಸಿ ಎಣಿಸಿ. ಎಷ್ಟು ತಂಡ, ಯಾವ ಯಾವ ಕಡೆಯಿಂದ, ಹೆಂಗಸರು ಮಕ್ಕಳು ಎಷ್ಟು, ಬರೆದಿಡಿ. ಆ ಒಂದು ಹಾಳೆ ಇದ್ದರೆ ಬಡಾವಣೆಯ ಕೋಚಿಂಗ್ ಕ್ಲಾಸ್‌ನವರು, ಹಲ್ಲಿನ ಡಾಕ್ಟರು, ಬಿಲ್ಡರು, ಸಹಕಾರಿ ಬ್ಯಾಂಕಿನ ಶಾಖೆಯವರು ಕೂತು ಮಾತಾಡುತ್ತಾರೆ.

ಒಂದು ಫ್ಲೆಕ್ಸ್‌ನಲ್ಲಿ ಹದಿನಾಲ್ಕು ಹೆಸರು ತುರುಕಬೇಡಿ, ಯಾರದ್ದೂ ಕಾಣುವುದಿಲ್ಲ. ಚಿನ್ನದಂಗಡಿ ಒಂದೇ, ಬ್ಯಾಂಕ್ ಒಂದೇ ಅಂತ ಮಾತು ಕೊಡಿ. ಫ್ಲೆಕ್ಸ್ ಬಿಟ್ಟು ಬೇರೆಯದನ್ನು ಮಾರಿ: ಒಳ್ಳೆಯ ರೈಡರ್‌ಗೆ ಬಹುಮಾನ, ಕುಡಿಯುವ ನೀರಿನ ಮೇಜು, ಯೂಟ್ಯೂಬ್ ಪ್ರಸಾರದಲ್ಲಿ ಅಂಕಪಟ್ಟಿಯ ಪಕ್ಕದ ಜಾಗ. ಪಂದ್ಯ ಮುಗಿದ ವಾರದೊಳಗೆ ಫೋಟೊ, ಎಣಿಕೆ, ಒಂದು ಧನ್ಯವಾದದ ಕಾಗದ ತಲುಪಿಸಿ. ಮುಂದಿನ ವರ್ಷ ಹಣ ಕೇಳಲು ಹೋದಾಗ ಹೋದ ವರ್ಷದ ಥ್ಯಾಂಕ್ಸ್ ಹೇಳುವವರೇ ಜಾಸ್ತಿ.

ನಾನೂ ಪೆಟ್ಟು ತಿಂದವನೇ. ಶುರುವಿನಲ್ಲಿ ಒಬ್ಬ ವ್ಯಾಪಾರಿ ಫೋನಿನಲ್ಲಿ ‘ಆಯ್ತು ಆಯ್ತು’ ಅಂದರು. ನಾನು ಟೀಶರ್ಟ್ ಮೇಲೆ ಅವರ ಹೆಸರು ಹಾಕಿಸಿಬಿಟ್ಟೆ. ಆಮೇಲೆ ‘ನೋಡೋಣ ಅಂದಿದ್ದೆ’ ಅಂದರು. ಅಂದಿನಿಂದ ಅರ್ಧ ಹಣ ಕೈಗೆ ಬಾರದೆ ಒಂದು ಅಕ್ಷರವನ್ನೂ ಅಚ್ಚು ಹಾಕಿಸುವುದಿಲ್ಲ. ಇನ್ನೊಮ್ಮೆ ಕನ್ನಡ ಓದಲು ಬಾರದ ಫ್ಲೆಕ್ಸ್ ಅಂಗಡಿಯಲ್ಲಿ ಫಾಂಟ್ ಬದಲಾಗಿ ಒತ್ತಕ್ಷರಗಳೆಲ್ಲ ಉದುರಿಹೋದವು. ಕಪ್ ಇಟ್ಟಿದ್ದು ಸ್ಪಾನ್ಸರ್‌ನ ತಂದೆಯ ನೆನಪಿಗೆ. ಆ ತಂದೆಯ ಹೆಸರೇ ಒತ್ತು ಕಳೆದುಕೊಂಡು ವೇದಿಕೆ ಮೇಲೆ ನೇತಾಡುತ್ತಿತ್ತು. ಅವರು ಏನೂ ಅನ್ನಲಿಲ್ಲ. ಮುಂದಿನ ವರ್ಷ ಫೋನ್ ಎತ್ತಲಿಲ್ಲ. ಫ್ಲೆಕ್ಸ್‌ಗೆ ಅಕ್ಷರವನ್ನು ಚಿತ್ರವಾಗಿ ಮಾಡಿ ಕಳಿಸಿ, ದಯವಿಟ್ಟು.

ಮಗಳು ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಓದ್ತೀನಿ ಅಂತಾಳೆ. ಆಟ ಆಡದವಳಿಗೆ ಅಲ್ಲಿ ಏನ್ ಕೆಲಸ?

ಆಡುವವರಿಗಿಂತ ಆಡದವರಿಗೇ ಕೆಲಸ ಜಾಸ್ತಿ. ಟಿಕೆಟ್, ಸ್ಪಾನ್ಸರ್ ಮಾರಾಟ, ವಿಡಿಯೊ, ಪಂದ್ಯದ ದಿನದ ವ್ಯವಸ್ಥೆ, ಒಪ್ಪಂದದ ಕಾಗದ. ಆದರೆ ಸೀಸನ್ ಕೆಲಸ. ಮಾರ್ಚ್‌ನಿಂದ ಮೇವರೆಗೆ ಮನೆಗೆ ಬರುವ ಹೊತ್ತು ಗೊತ್ತಿರುವುದಿಲ್ಲ, ಆಮೇಲೆ ಕೆಲವರಿಗೆ ಕೆಲಸವೇ ಇರುವುದಿಲ್ಲ. ಕೋರ್ಸ್‌ಗೆ ಲಕ್ಷಗಟ್ಟಲೆ ಸುರಿಯುವ ಮೊದಲು ಒಂದು ಟೂರ್ನಮೆಂಟ್‌ನಲ್ಲಿ ಸ್ವಯಂಸೇವಕಿಯಾಗಿ ನಿಲ್ಲಲಿ. ಮೂರನೇ ದಿನ ರಾತ್ರಿ ಹನ್ನೊಂದಕ್ಕೆ ಬ್ಯಾರಿಕೇಡ್ ಎತ್ತುವಾಗಲೂ ಖುಷಿಯಾಗಿದ್ದರೆ ಸೇರಿಸಿ. ಕನ್ನಡ, ಮರಾಠಿ ಎರಡೂ ಬರುತ್ತದೆ ಅಂದರೆ ಅದನ್ನು ಅರ್ಜಿಯಲ್ಲಿ ಮೇಲೆಯೇ ಬರೆಯಲಿ.

## ಲೆಕ್ಕದ ಒಳಗಿನ ಲೆಕ್ಕ

ಎಷ್ಟೋ ವರ್ಷ ಲಾಭ ಇಲ್ದಿದ್ರೂ ಐಪಿಎಲ್ ಟೀಮ್ ಯಾಕೆ ಕೊಳ್ತಾರೆ?

ಫ್ಲಾಟ್ ಬಾಡಿಗೆಗಾಗಿ ಕೊಳ್ಳುವವರು ಕಡಿಮೆ, ಬೆಲೆ ಏರಲಿ ಅಂತ ಕೊಳ್ಳುವವರು ಜಾಸ್ತಿ, ಅಲ್ವಾ? 2008ರಲ್ಲಿ ರಾಜಸ್ಥಾನ ತಂಡ 6.7 ಕೋಟಿ ಡಾಲರ್‌ಗೆ ಹೋಯಿತು, ಅದನ್ನೂ ಹತ್ತು ವರ್ಷದ ಕಂತಿನಲ್ಲಿ ಕಟ್ಟಬಹುದಿತ್ತು. 2021ರಲ್ಲಿ ಲಖನೌ 7,090 ಕೋಟಿ ರೂಪಾಯಿಗೆ, ಅಹಮದಾಬಾದ್ 5,625 ಕೋಟಿಗೆ ಹೋದವು. ಕೊಳ್ಳುವವರು ಜಾಸ್ತಿ, ತಂಡ ಹತ್ತೇ.

ಅದಕ್ಕಿಂತ ಮುಖ್ಯ, ಖರ್ಚಿಗೆ ಮೇಲ್ಮಿತಿ ಇದೆ. 2025ರ ಸೀಸನ್‌ಗೆ ಆಟಗಾರರನ್ನು ಕೊಳ್ಳಲು ಒಂದು ತಂಡ ಗರಿಷ್ಠ 120 ಕೋಟಿ ಇಟ್ಟುಕೊಳ್ಳಬಹುದಿತ್ತು. ಪ್ರಸಾರದ ಆದಾಯ ಮೂರು ಪಟ್ಟಾದರೂ ಆಟಗಾರರ ಸಂಬಳ ಅಷ್ಟೇ ಓಟದಲ್ಲಿ ಏರುವಂತಿಲ್ಲ. ಕೊನೆಯ ಸ್ಥಾನಕ್ಕೆ ಬಿದ್ದರೂ ಕೆಳಗಿನ ಲೀಗ್‌ಗೆ ತಳ್ಳುವುದಿಲ್ಲ. ಇಂಗ್ಲೆಂಡಿನ ಫುಟ್‌ಬಾಲ್ ಮಾಲೀಕನಿಗೆ ಕೆಳಗೆ ಬೀಳುವ ಭಯ ಪ್ರತಿ ವರ್ಷ ಇರುತ್ತದೆ. ಇಲ್ಲಿನವನು ನಿದ್ದೆ ಮಾಡುತ್ತಾನೆ.

ಹಾಗಾದ್ರೆ ಫುಟ್‌ಬಾಲ್‌ನಲ್ಲಿ ಅದೇ ಮಾದರಿ ಯಾಕೆ ಕೈಕೊಟ್ಟಿತು?

ಮಾದರಿ ಅದೇ, ಆದರೆ ಮಧ್ಯದಲ್ಲಿ ಇರಬೇಕಾದ ಪ್ರಸಾರದ ಹಣ ಅಷ್ಟಿರಲಿಲ್ಲ. ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಕ್ಕೆ ಬಿಟ್ಟುಕೊಟ್ಟಿತ್ತು, ವರ್ಷಕ್ಕೆ 50 ಕೋಟಿ ಬರುತ್ತಿತ್ತು. ಆ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಹೊಸ ಟೆಂಡರ್ ಕರೆದರು. ನವೆಂಬರ್‌ನಲ್ಲಿ ಗಡುವು ಮುಗಿದಾಗ ಒಂದು ಬಿಡ್ ಕೂಡ ಬಂದಿರಲಿಲ್ಲ. ಮುಂಬೈ ಸಿಟಿಯಲ್ಲಿ 2019ರಲ್ಲಿ ಶೇಕಡ 65 ಪಾಲು ಕೊಂಡಿದ್ದ, ಮ್ಯಾಂಚೆಸ್ಟರ್ ಸಿಟಿಯ ಮಾಲೀಕ ಸಂಸ್ಥೆಯೂ 2025ರ ಕೊನೆಗೆ ಹೊರಟಿತು. ಅವರ ಕಾಲದಲ್ಲಿ ತಂಡ ಕಪ್ ಗೆದ್ದಿತ್ತು, ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಸಿಗುವ ಶೀಲ್ಡ್ ಕೂಡ. ತವರಿನ ಅಂಧೇರಿ ಮೈದಾನದಲ್ಲಿ ಮಾತ್ರ ಏಳೆಂಟು ಸಾವಿರ ಜನಕ್ಕಷ್ಟೇ ಜಾಗ. ಕಪ್‌ಗಳು ಬೆಳೆದಷ್ಟು ಮನೆ ಬೆಳೆಯಲಿಲ್ಲ.

ಮಹಿಳಾ ಲೀಗ್‌ನಲ್ಲಿ ದುಡ್ಡಿದ್ಯಾ, ಇಲ್ಲ ತೋರಿಕೆಗಾ?

ಇದೆ. 2023ರಲ್ಲಿ ಕ್ರಿಕೆಟ್‌ನ ಮಹಿಳಾ ಲೀಗ್‌ನ ಐದು ತಂಡಗಳು ಒಟ್ಟು 4,669.99 ಕೋಟಿಗೆ ಹೋದವು, ಪ್ರಸಾರದ ಹಕ್ಕು ಐದು ವರ್ಷಕ್ಕೆ 951 ಕೋಟಿಗೆ. ಮೊದಲ ಸೀಸನ್ ಪೂರ್ತಿ ಬ್ರೇಬೋರ್ನ್ ಮತ್ತು ಡಿ.ವೈ. ಪಾಟೀಲ್‌ನಲ್ಲಿ ನಡೆಯಿತು, ಹೆಂಗಸರಿಗೆ ಟಿಕೆಟ್ ಉಚಿತ. ಯಾವತ್ತೂ ಸ್ಟೇಡಿಯಂ ನೋಡದ ನನ್ನ ಅತ್ತೆ ಮೂರು ಪಂದ್ಯಕ್ಕೆ ಹೋಗಿ ಬಂದರು. ಈಗ ಅವರಿಗೆ ಹರ್ಮನ್‌ಪ್ರೀತ್ ಫಾರ್ಮ್ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತು. ಉಚಿತ ಟಿಕೆಟ್‌ಗೆ ಇದಕ್ಕಿಂತ ಒಳ್ಳೆಯ ಪ್ರತಿಫಲ ನಾನು ಕಂಡಿಲ್ಲ.

ಮುಂಬಯಿ ಟೀಮ್‌ಗೆ ಕೇಪ್‌ಟೌನ್, ನ್ಯೂಯಾರ್ಕ್‌ನಲ್ಲಿ ಏನ್ ಕೆಲಸ? ಅಲ್ಲಿ ನಮ್ಮ ಹೆಸರು ಓಡುತ್ತಾ?

ವ್ಯಾಪಾರಕ್ಕೆ ಅರ್ಥ ಇದೆ. ಐಪಿಎಲ್ ಎರಡು ತಿಂಗಳು. ಉಳಿದ ಹತ್ತು ತಿಂಗಳು ಕೋಚ್, ಪ್ರತಿಭೆ ಹುಡುಕುವವರು, ಸ್ಪಾನ್ಸರ್ ಎಲ್ಲರೂ ಸುಮ್ನೆ ಇರಬೇಕು. 2023ರಿಂದ ದಕ್ಷಿಣ ಆಫ್ರಿಕಾ, ಯುಎಇ, ಅಮೆರಿಕದ ಲೀಗ್‌ಗಳಲ್ಲಿ ಎಂಐ, ಅಂದರೆ ಮುಂಬೈ ಇಂಡಿಯನ್ಸ್‌ನ, ತಂಡಗಳಿವೆ. ಮೂರೂ ಕಡೆ ಕಪ್ ಗೆದ್ದಿವೆ. ನ್ಯೂಯಾರ್ಕ್ ಮೊದಲ ವರ್ಷವೇ ಗೆದ್ದಿತು. ಒಂದೇ ಸ್ಪಾನ್ಸರ್‌ಗೆ ವರ್ಷವಿಡೀ ಏನಾದರೂ ತೋರಿಸಬಹುದು.

ಹೆಸರು ನೋಡಿ ಮಾತ್ರ. ಎಂಐ ಕೇಪ್ ಟೌನ್, ಎಂಐ ಎಮಿರೇಟ್ಸ್, ಎಂಐ ನ್ಯೂಯಾರ್ಕ್. ಬಣ್ಣ ಅಲ್ಲಿಗೂ ಹೋಯಿತು, ಅಕ್ಷರವೂ ಹೋಯಿತು. ಮುಂಬಯಿ ‘ಎಂ’ ಅನ್ನುವ ಒಂದು ಅಕ್ಷರದಲ್ಲಿ ಅಡಗಿ ಕೂತಿದೆ. ಕೇಪ್‌ಟೌನ್‌ನ ಹುಡುಗನಿಗೆ ಆ ಅಕ್ಷರ ಏನು ಅಂತ ತಿಳಿಯಬೇಕಾಗಿಲ್ಲ, ತಿಳಿಯುವುದು ಬೇಡ ಅಂತಲೇ ಹಾಗಿಟ್ಟಿದ್ದಾರೆ. ಮುಂಬಯಿಯವನು ರಾತ್ರಿ ಎದ್ದು ನ್ಯೂಯಾರ್ಕ್ ಪಂದ್ಯ ನೋಡುತ್ತಾನಾ? ನನ್ನ ಕಟ್ಟಡದಲ್ಲಿ ಕೇಳಿದೆ. ಏಳನೇ ಮಹಡಿಯ ಒಬ್ಬ ಹುಡುಗ ನೋಡುತ್ತಾನಂತೆ. ಅವನಿಗೆ ಪರೀಕ್ಷೆ ಇತ್ತು, ಹೇಗೂ ಎಚ್ಚರವಾಗಿದ್ದ.